ಲಾಗಿನ್ ಪರೀಕ್ಷೆ: ಗಿರಾಕಿಯ ಪಾಸ್‌ವರ್ಡ್ ನಿಮಗೂ ಗೊತ್ತಾಗಬಾರದು

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಚಿಕ್ಕಮ್ಮ ಮನೆಯಲ್ಲೇ ಅಡುಗೆ ಮಾಡಿ ಆಫೀಸುಗಳಿಗೆ ಊಟದ ಡಬ್ಬಿ ಕಳಿಸುತ್ತಾರೆ. ಗಿರಾಕಿಗಳು ಸುಮಾರು 140 ಜನ. ಅವರು ಲಾಗಿನ್ ಆಗಿ ನಾಳೆಯ ಊಟ ಬೇಕೋ ಬೇಡವೋ ಹೇಳಲಿ ಅಂತ ಹುಡುಗಿ ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಕೋಡ್ ಪಿಎಚ್‌ಪಿ ಭಾಷೆಯಲ್ಲಿ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಮೂರು ತಿಂಗಳಿಂದ ಚೆನ್ನಾಗಿಯೇ ನಡೆಯುತ್ತಿತ್ತು.

ಒಂದು ಭಾನುವಾರ ಲ್ಯಾಪ್‌ಟಾಪ್ ತಂದು, "ಅಂಕಲ್, ಒಂದ್ಸಲ ನೋಡಿ" ಅಂದಳು. ಯೂಸರ್ಸ್ ಟೇಬಲ್ ತೆರೆದಳು. ಹೆಸರು, ಫೋನ್, ಪಾಸ್‌ವರ್ಡ್. ಮೂರೂ ಪಕ್ಕಪಕ್ಕದಲ್ಲಿ, ಓದಲು ಬರುವ ಹಾಗೆ. ಒಬ್ಬರು ಮಗಳ ಹೆಸರಿನ ಜೊತೆ ಹುಟ್ಟಿದ ವರ್ಷ ಇಟ್ಟಿದ್ದರು. ಇನ್ನೊಬ್ಬರು ಗಾಡಿ ನಂಬರ್. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಅವು ನಾನು ನೋಡಬಾರದ ವಿಷಯಗಳು. ಅವಳೂ ನೋಡಬಾರದು, ಚಿಕ್ಕಮ್ಮನೂ ನೋಡಬಾರದು.

"ಚಿಕ್ಕಮ್ಮನಿಗೆ ಇದೇ ಅನುಕೂಲ" ಅಂದಳು ಹುಡುಗಿ. "ಯಾರಾದ್ರೂ ಮರೆತು ಫೋನ್ ಮಾಡಿದ್ರೆ ನೋಡಿ ಹೇಳ್ತಾರೆ."

ನನ್ನ ಮೊದಲ ಕೆಲಸದಲ್ಲೂ ಹೀಗೇ ಇತ್ತು. ಸಣ್ಣ ಕಂಪನಿ. ಟೇಬಲ್ಲಿನ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿತ್ತು, ಆ ಪೆನ್‌ಡ್ರೈವ್ ಕಳೆದುಹೋಯಿತು. ಒಂದು ವಾರ ಕೂತು ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ ಅಂತ ಕೇಳಿಕೊಂಡೆವು. ಒಬ್ಬ ಹಿರಿಯರು, "ಅದನ್ನೇ ಬ್ಯಾಂಕಿಗೂ ಇಟ್ಟಿದ್ದೀನಲ್ಲಪ್ಪ, ಈಗ ಏನ್ ಮಾಡ್ಲಿ?" ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ. ಜನ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಡುತ್ತಾರೆ. ನಮ್ಮದು ಊಟದ ಡಬ್ಬಿಯ ಸೈಟು ಇರಬಹುದು, ಆದರೆ ಗಿರಾಕಿ ನಮ್ಮ ಕೈಗೆ ಕೊಡುವುದು ಎಷ್ಟೋ ಸಲ ಅವರ ಮೇಲ್‌ನ, ಬ್ಯಾಂಕಿನ ಬೀಗದ ಕೈಯನ್ನೇ.

ಆ ಹುಡುಗಿಯ ಜೊತೆ ಕೂತು ಏನೇನು ಬದಲಾಯಿಸಿದೆವೋ ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಭಾಷೆ ಯಾವುದಾದರೂ ಕ್ರಮ ಇದೇ.

ಮೊದಲ ಹಂತ: ಟೇಬಲ್ ಸರಿಮಾಡಿ

ಲಾಗಿನ್‌ಗೆ ಬೇಕಾದ ಕಾಲಂಗಳು ಕೆಲವೇ. ಐಡಿ, ಫೋನ್ ಅಥವಾ ಇಮೇಲ್, ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ, ವಾಪಸ್ ಬಿಡಿಸಲಾಗದ ಅಕ್ಷರಗಳ ಸಾಲು; ವಿವರ ಎರಡನೇ ಹಂತದಲ್ಲಿದೆ), ಖಾತೆ ಚಾಲ್ತಿಯಲ್ಲಿದೆಯೇ ಇಲ್ಲವೇ, ಸೇರಿದ ದಿನ. ಕಾಲಮ್ಮಿಗೆ "ಪಾಸ್‌ವರ್ಡ್" ಅಂತ ಹೆಸರಿಡಬೇಡಿ, "ಪಾಸ್‌ವರ್ಡ್_ಹ್ಯಾಶ್" ಅಂತಲೇ ಇಡಿ. ನಾಳೆ ಬೇರೆಯವರು ಕೋಡ್ ನೋಡಿದಾಗ ಅಲ್ಲಿ ಏನಿರಬೇಕು ಅನ್ನುವುದು ಹೆಸರಿನಲ್ಲೇ ಗೊತ್ತಾಗುತ್ತದೆ.

ಆ ಕಾಲಮ್ಮಿನ ಅಳತೆ 255 ಅಕ್ಷರ ಇರಲಿ. ಬಿಕ್ರಿಪ್ಟ್ ಅನ್ನುವ ವಿಧಾನದ ಹ್ಯಾಶ್ 60 ಅಕ್ಷರ ಉದ್ದ ಇರುತ್ತದೆ. ಕಾಲಂ 50 ಅಂತ ಇಟ್ಟು, ಮೈಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಕ್ಟ್ ಮೋಡ್ (ಅಳತೆ ಮೀರಿದ್ದನ್ನು ಒಳಗೆ ಬಿಡದ ಸೆಟ್ಟಿಂಗ್) ಆಫ್ ಆಗಿದ್ದರೆ, ಅದು ಬಾಲ ಕತ್ತರಿಸಿ ಒಳಗಿಡುತ್ತದೆ. ಎರರ್ ಬರುವುದಿಲ್ಲ. ನೋಂದಣಿ ಸರಿಯಾಗಿ ಆದಂತೆ ಕಾಣುತ್ತದೆ, ಆದರೆ ಒಬ್ಬರೂ ಲಾಗಿನ್ ಆಗಲು ಆಗುವುದಿಲ್ಲ. ಈ ತೊಂದರೆ ಹುಡುಕುತ್ತಾ ರಾತ್ರಿಯೆಲ್ಲ ಕೂತವರು ಬಹಳ ಜನ ಇದ್ದಾರೆ.

ಫೋನ್ ಕಾಲಮ್ಮಿಗೆ ಯೂನಿಕ್ ಇಂಡೆಕ್ಸ್, ಅಂದರೆ ಒಂದೇ ನಂಬರ್ ಎರಡು ಸಲ ಬರದಂತೆ ತಡೆಯುವ ನಿಯಮ, ಹಾಕಿ. ಕೋಡ್‌ನಲ್ಲಿ "ಈ ನಂಬರ್ ಈಗಾಗಲೇ ಇದೆಯಾ" ಅಂತ ನೋಡಿದರೆ ಸಾಲದು. ಒಬ್ಬರು ಬಟನ್ ಎರಡು ಸಲ ಬೇಗ ಒತ್ತಿದರೆ ಎರಡು ಸಾಲು ಬಂದುಬಿಡುತ್ತವೆ. ಡೇಟಾಬೇಸೇ ಬೇಡ ಅನ್ನಬೇಕು. ಇನ್ನೊಂದು ವಿಷಯ. ನಮ್ಮ ಜನ ನಂಬರನ್ನು ಒಂದೇ ರೀತಿ ಬರೆಯುವುದಿಲ್ಲ. ಒಬ್ಬರು ಮುಂದೆ ಸೊನ್ನೆ ಹಾಕುತ್ತಾರೆ, ಒಬ್ಬರು +91, ಇನ್ನೊಬ್ಬರು ನಡುವೆ ಜಾಗ ಬಿಡುತ್ತಾರೆ. ಒಳಗೆ ಇಡುವ ಮುಂಚೆ ಎಲ್ಲವನ್ನೂ 10 ಅಂಕೆಗೆ ತನ್ನಿ. ಲಾಗಿನ್ ಸಮಯದಲ್ಲೂ ಅದೇ ಫಂಕ್ಷನ್ ಬಳಸಿ. ಇಲ್ಲವಾದರೆ ಸರಿಯಾದ ಪಾಸ್‌ವರ್ಡ್ ಕೊಟ್ಟವರೂ ಹೊರಗೇ ನಿಲ್ಲುತ್ತಾರೆ.

ಡೇಟಾಬೇಸಿಗೆ ರೂಟ್ (ಎಲ್ಲ ಹಕ್ಕೂ ಇರುವ ಯೂಸರ್) ಆಗಿ ಕನೆಕ್ಟ್ ಆಗಬೇಡಿ. ಸೈಟಿಗೆಂದೇ ಒಂದು ಯೂಸರ್ ಮಾಡಿ, ಬೇಕಾದ ಟೇಬಲ್‌ಗಳಿಗೆ ಮಾತ್ರ ಹಕ್ಕು ಕೊಡಿ. ಆ ಯೂಸರ್‌ನ ಪಾಸ್‌ವರ್ಡ್ ಕೋಡ್ ಒಳಗೆ ಬರೆದು ಗಿಟ್‌ಹಬ್‌ಗೆ ಹಾಕಬೇಡಿ. ಸರ್ವರ್‌ನ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಕೋಡ್‌ನ ಹೊರಗಿನ ಸೆಟ್ಟಿಂಗ್‌ನಲ್ಲಿ, ಇಡಿ.

ಎರಡನೇ ಹಂತ: ನೋಂದಣಿ ಆಗುವಾಗಲೇ ಹ್ಯಾಶ್ ಮಾಡಿ

ರಾಗಿಯನ್ನು ಮಿಲ್ಲಿಗೆ ಹಾಕಿದರೆ ಹಿಟ್ಟು ಬರುತ್ತದೆ. ಹಿಟ್ಟಿನಿಂದ ರಾಗಿ ಕಾಳು ವಾಪಸ್ ಬರುವುದಿಲ್ಲ. ಹ್ಯಾಶ್ ಅಂದರೆ ಅಂಥ ಮಿಲ್ಲು. ಗಿರಾಕಿ ಕೊಟ್ಟ ಪಾಸ್‌ವರ್ಡನ್ನು ಬೀಸಿ, ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಮುಂದಿನ ಸಲ ಅವರು ಬಂದಾಗ ಕೊಟ್ಟದ್ದನ್ನು ಮತ್ತೆ ಬೀಸಿ, ಹಿಟ್ಟು ಹಿಟ್ಟು ಹೊಂದುತ್ತದೆಯೇ ನೋಡುತ್ತೇವೆ. ಕಾಳು ಯಾವುದು ಅನ್ನುವುದು ನಮಗೆ ಬೇಕಾಗಿಯೇ ಇಲ್ಲ.

ಇಲ್ಲಿ ಹುಡುಗಿ ಕೇಳಿದಳು, "ಹಾಗಾದ್ರೆ ಎನ್‌ಕ್ರಿಪ್ಟ್ ಮಾಡಿದ್ರೆ ಸಾಕಲ್ವಾ?" ಸಾಲದು. ಎನ್‌ಕ್ರಿಪ್ಟ್ ಮಾಡಿದ್ದನ್ನು ಕೀ ಇದ್ದರೆ ಬಿಡಿಸಬಹುದು. ಡೇಟಾಬೇಸ್ ಕದಿಯುವಷ್ಟು ಒಳಗೆ ಬಂದವನಿಗೆ ಅದೇ ಸರ್ವರ್‌ನಲ್ಲಿರುವ ಕೀ ಹುಡುಕುವುದು ಕಷ್ಟವಲ್ಲ.

ಹ್ಯಾಶ್ ಅಂದಕೂಡಲೇ ಹಳೆಯ ಪುಸ್ತಕ ನೋಡಿ ಎಂಡಿ5, ಶಾ-1 ಬಳಸುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಅವು ದೊಡ್ಡ ಫೈಲ್ ಕೆಟ್ಟಿದೆಯೇ ಅಂತ ಬೇಗ ನೋಡಲು ಮಾಡಿದವು. ಬೇಗ ಅನ್ನುವುದೇ ಇಲ್ಲಿ ತೊಂದರೆ. ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸಾವಿರಾರು ಕೋಟಿ ಎಂಡಿ5 ಲೆಕ್ಕ ಹಾಕುತ್ತದೆ. ಕಳ್ಳನು ಹಿಟ್ಟಿನಿಂದ ಕಾಳು ಮಾಡಲು ಹೋಗುವುದಿಲ್ಲ. ಊರಿನಲ್ಲಿರುವ ಎಲ್ಲ ಕಾಳನ್ನೂ ಬೀಸಿ, ಯಾವ ಹಿಟ್ಟು ನಮ್ಮದಕ್ಕೆ ಹೊಂದುತ್ತದೆ ಅಂತ ನೋಡುತ್ತಾನೆ. ಆದ್ದರಿಂದ ನಮ್ಮ ಮಿಲ್ಲು ನಿಧಾನವಾಗಿರಬೇಕು. ಬೇಕೆಂದೇ ನಿಧಾನ.

ಅಂಥ ನಿಧಾನದ ಮಿಲ್ಲುಗಳು ಇವೆ. ಬಿಕ್ರಿಪ್ಟ್ ಅನ್ನು ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೆರ್ಸ್ 1999ರಲ್ಲಿ ಪ್ರಕಟಿಸಿದರು. ಅದರಲ್ಲಿ ಕಾಸ್ಟ್ ಅಂತ ಒಂದು ಸಂಖ್ಯೆ ಇದೆ. ಅದು ಒಂದು ಹೆಚ್ಚಾದರೆ ಕೆಲಸ ಎರಡು ಪಟ್ಟಾಗುತ್ತದೆ. ಕಂಪ್ಯೂಟರ್‌ಗಳ ವೇಗ ಹೆಚ್ಚಿದಂತೆ ನಾವೂ ಕಾಸ್ಟ್ ಏರಿಸಬಹುದು. 10ಕ್ಕಿಂತ ಕಡಿಮೆ ಇಡಬೇಡಿ, 12 ಒಳ್ಳೆಯದು. ಇನ್ನೂ ಹೊಸದು ಆರ್ಗಾನ್2. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು ಅದೇ. ಅದು ಸಮಯದ ಜೊತೆಗೆ ಮೆಮೊರಿಯನ್ನೂ ಜಾಸ್ತಿ ಕೇಳುತ್ತದೆ, ಹಾಗಾಗಿ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಕಷ್ಟ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ ಹೇಳುವುದು ಅದರ ಆರ್ಗಾನ್2ಐಡಿ ಅನ್ನುವ ಬಗೆ, ಕನಿಷ್ಠ 19 ಮೆಬಿಬೈಟ್ ಮೆಮೊರಿ, 2 ಸುತ್ತು. ಹೊಸದಾಗಿ ಶುರುಮಾಡುವವರು ಇದನ್ನೇ ಆರಿಸಿಕೊಳ್ಳಿ. ನಿಮ್ಮ ಹೋಸ್ಟಿಂಗ್‌ನಲ್ಲಿ ಅದು ಇಲ್ಲವೆಂದರೆ ಬಿಕ್ರಿಪ್ಟ್ ಧಾರಾಳ ಸಾಕು.

ಮತ್ತೆ ಸಾಲ್ಟ್. ಅಂದರೆ ಉಪ್ಪೇ. ಇಬ್ಬರು ಗಿರಾಕಿಗಳು ಒಂದೇ ಪಾಸ್‌ವರ್ಡ್ ಇಟ್ಟರೂ ಹ್ಯಾಶ್ ಬೇರೆ ಬೇರೆ ಬರಲಿ ಅಂತ, ಪ್ರತಿಯೊಬ್ಬರಿಗೂ ಬೇರೆ ಬೇರೆ ರ‍್ಯಾಂಡಮ್ ಅಕ್ಷರಗಳನ್ನು ಸೇರಿಸಿ ಬೀಸುವುದು. ಇದು ಹೊಸ ವಿಚಾರವಲ್ಲ. ಯುನಿಕ್ಸ್‌ನಲ್ಲಿ ಸಾಲ್ಟ್ ಯಾಕೆ ಸೇರಿಸಿದೆವು ಅಂತ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರಲ್ಲೇ ಬರೆದಿದ್ದಾರೆ. ಆದರೂ 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸುಮಾರು 65 ಲಕ್ಷ ಹ್ಯಾಶ್‌ಗಳು ಹೊರಬಿದ್ದಾಗ ಅವು ಸಾಲ್ಟ್ ಇಲ್ಲದ ಶಾ-1 ಆಗಿದ್ದವು. ಬಹುಪಾಲು ಬೇಗನೆ ಒಡೆದುಹೋದವು. ನಾಲ್ಕು ವರ್ಷದ ನಂತರ, ಅದೇ ಕಳವಿನ 11.7 ಕೋಟಿ ಖಾತೆಗಳ ವಿವರ ಮಾರಾಟಕ್ಕೆ ಬಂತು.

ಒಳ್ಳೆಯ ಸುದ್ದಿ ಏನೆಂದರೆ, ಸಾಲ್ಟ್ ಅನ್ನು ನೀವು ಮಾಡಬೇಕಾಗಿಲ್ಲ. ಪಿಎಚ್‌ಪಿಯಲ್ಲಿ 2013ರ 5.5 ಆವೃತ್ತಿಯಿಂದ ಪಾಸ್‌ವರ್ಡ್_ಹ್ಯಾಶ್ ಅನ್ನುವ ಫಂಕ್ಷನ್ ಇದೆ. ಪಾಸ್‌ವರ್ಡ್ ಕೊಟ್ಟರೆ ಸಾಲ್ಟ್ ತಾನೇ ಹುಟ್ಟಿಸಿ, ಬೀಸಿ, ವಿಧಾನ, ಕಾಸ್ಟ್, ಸಾಲ್ಟ್, ಹ್ಯಾಶ್ ಎಲ್ಲವನ್ನೂ ಒಂದೇ ಸಾಲಾಗಿ ಕೊಡುತ್ತದೆ. ಅದನ್ನು ಹಾಗೇ ಕಾಲಮ್ಮಿನಲ್ಲಿ ಇಟ್ಟರೆ ಮುಗಿಯಿತು. ಜಾಂಗೊ, ಸ್ಪ್ರಿಂಗ್, ಲಾರಾವೆಲ್‌ನಂಥ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್‌ಗಳು, ಎಲ್ಲದರಲ್ಲೂ ಇಂಥದ್ದು ಇದೆ. ಹ್ಯಾಶ್ ವಿಧಾನವನ್ನು ಸ್ವಂತ ಬುದ್ಧಿಯಿಂದ ಕಟ್ಟಲು ಹೋಗಬೇಡಿ.

ಕನ್ನಡದ ಪಾಸ್‌ವರ್ಡ್ ಬಗ್ಗೆ ಒಂದು ಮಾತು

ಇದನ್ನು ಬೇರೆ ಕಡೆ ಯಾರೂ ಹೆಚ್ಚು ಹೇಳುವುದಿಲ್ಲ, ನಮಗೆ ಬೇಕು. ಗಿರಾಕಿ ಕನ್ನಡದಲ್ಲೇ ಪಾಸ್‌ವರ್ಡ್ ಇಡಬಹುದು. ಇಡಲು ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಬಿಕ್ರಿಪ್ಟ್ ಮೊದಲ 72 ಬೈಟ್ ಮಾತ್ರ ನೋಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟ್. ಗುಣಿತದ ಚಿಹ್ನೆ, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. "ಬೆಂಗಳೂರು" ಅನ್ನುವ ಒಂದು ಪದದಲ್ಲಿ 8 ಚಿಹ್ನೆ, 24 ಬೈಟ್. ಮೂರು ಸಲ ಬೆಂಗಳೂರು ಅಂತ ಬರೆದರೆ 72 ತುಂಬಿತು. ಆಮೇಲೆ ಏನೇ ಬರೆದರೂ ಹಲವು ಲೈಬ್ರರಿಗಳು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಉದ್ದ ಅಳೆಯುವಾಗ ಅಕ್ಷರ ಎಣಿಸಬೇಡಿ, ಬೈಟ್ ಎಣಿಸಿ. ಮೀರಿದರೆ ಗಿರಾಕಿಗೆ ಹೇಳಿ. ಆರ್ಗಾನ್2ರಲ್ಲಿ ಈ ತೊಂದರೆ ಇಲ್ಲ.

ಇನ್ನೊಂದು ಸೂಕ್ಷ್ಮ. "ಕೋ" ಅನ್ನುವುದರಲ್ಲಿರುವ ಓಕಾರದ ಗುಣಿತವನ್ನು ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ) ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಬೇರೆ, ಹಾಗಾಗಿ ಹ್ಯಾಶ್ ಬೇರೆ. ಕೋರಮಂಗಲ ಅಂತ ಫೋನಿನಲ್ಲಿ ಇಟ್ಟವರು ಆಫೀಸಿನ ಕಂಪ್ಯೂಟರ್‌ನಲ್ಲಿ ಒಳಗೆ ಬರಲಾಗದೆ ಹೋಗಬಹುದು. ಹ್ಯಾಶ್ ಮಾಡುವ ಮುಂಚೆ ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದರೆ ಎರಡು ಬಗೆಯನ್ನೂ ಒಂದೇ ರೂಪಕ್ಕೆ ತನ್ನಿ. ಎನ್‌ಎಫ್‌ಸಿ ಅನ್ನುವ ರೂಪ ಸಾಕು. ನೋಂದಣಿಯಲ್ಲೂ ಲಾಗಿನ್‌ನಲ್ಲೂ ಮಾಡಬೇಕು.

ನಿಯಮಗಳ ವಿಚಾರ. ಒಂದು ದೊಡ್ಡಕ್ಷರ, ಒಂದು ಅಂಕೆ, ಒಂದು ಚಿಹ್ನೆ ಬೇಕೇ ಬೇಕು ಅಂತ ಹಟ ಮಾಡಬೇಡಿ. ಪ್ರತಿ 90 ದಿನಕ್ಕೆ ಬದಲಾಯಿಸಿ ಅಂತಲೂ ಪೀಡಿಸಬೇಡಿ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಎರಡನ್ನೂ ಬಿಡಿ ಅಂದಿತು. ಉದ್ದ ಇರಲಿ, 123456ರಂಥವು ಬೇಡ, ಅಷ್ಟೇ.

ಮೂರನೇ ಹಂತ: ಪರೀಕ್ಷೆ ಮಾಡುವ ರೀತಿ

ಹುಡುಗಿಯ ಕೋಡ್‌ನಲ್ಲಿದ್ದ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಹೆಚ್ಚುಕಡಿಮೆ ಹೀಗಿತ್ತು:

ಸೆಲೆಕ್ಟ್ * ಫ್ರಮ್ ಯೂಸರ್ಸ್ ವೇರ್ ಫೋನ್ = 'ಬಂದದ್ದು' ಆ್ಯಂಡ್ ಪಾಸ್‌ವರ್ಡ್ = 'ಬಂದದ್ದು'

ಸಾಲು ಸಿಕ್ಕಿದರೆ ಒಳಗೆ, ಸಿಗದಿದ್ದರೆ ಹೊರಗೆ. ಮಿನಿ ಪ್ರಾಜೆಕ್ಟ್‌ಗಳಲ್ಲಿ ನಾನು ಇದನ್ನೇ ಮತ್ತೆ ಮತ್ತೆ ನೋಡಿದ್ದೇನೆ. ಇದರಲ್ಲಿ ಎರಡು ದೊಡ್ಡ ತಪ್ಪುಗಳಿವೆ.

ಒಂದು, ಗಿರಾಕಿ ಬರೆದದ್ದನ್ನು ಕ್ವೆರಿಯ ಪದಗಳ ನಡುವೆ ಅಂಟಿಸಿದ್ದು. ಯಾರಾದರೂ ಫೋನ್ ಜಾಗದಲ್ಲಿ ' ಆರ್ 1=1 -- ಅಂತ ಬರೆದು ಕೊನೆಯಲ್ಲಿ ಒಂದು ಸ್ಪೇಸ್ ಬಿಟ್ಟರೆ ಏನಾಗುತ್ತದೆ ನೋಡಿ. ಮೊದಲ ಕೋಟ್ ಗುರುತು ಫೋನ್‌ನ ಜಾಗವನ್ನು ಮುಚ್ಚುತ್ತದೆ. ಒಂದಕ್ಕೆ ಒಂದು ಸಮ ಅನ್ನುವುದು ಯಾವಾಗಲೂ ನಿಜ. ಎರಡು ಗೀಟು ಬಂದ ಮೇಲೆ ಉಳಿದದ್ದೆಲ್ಲ ಕಾಮೆಂಟ್, ಅಂದರೆ ಪಾಸ್‌ವರ್ಡಿನ ಭಾಗವನ್ನು ಡೇಟಾಬೇಸ್ ಓದುವುದೇ ಇಲ್ಲ. ಟೇಬಲ್ಲಿನ ಎಲ್ಲ ಸಾಲೂ ಬರುತ್ತದೆ, ಮೊದಲ ಸಾಲಿನವರಾಗಿ ಇವನು ಒಳಗೆ ಹೋಗುತ್ತಾನೆ. ಮೊದಲ ಸಾಲು ಎಷ್ಟೋ ಕಡೆ ಅಡ್ಮಿನ್‌ದೇ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುತ್ತಾರೆ. 1998ರಲ್ಲೇ ಇದನ್ನು ಬರೆದು ತೋರಿಸಿದ್ದಾರೆ, ಇನ್ನೂ ನಿಂತಿಲ್ಲ.

2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಅನ್ನುವ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಕಳುವಾದದ್ದು ಇದೇ ದಾರಿಯಲ್ಲಿ. ಅವರು ಅವನ್ನು ಓದಲು ಬರುವ ಹಾಗೆ ಇಟ್ಟಿದ್ದರು. ಎರಡು ತಪ್ಪು ಒಂದೇ ಕಡೆ ಸೇರಿದರೆ ಹಾಗಾಗುತ್ತದೆ. ಆ ಪಟ್ಟಿಯನ್ನು ಪಾಸ್‌ವರ್ಡ್ ಒಡೆಯುವವರು ಇವತ್ತಿಗೂ ಬಳಸುತ್ತಾರೆ.

ಕಳ್ಳರ ಮಾತು ಬಿಡಿ. ಫ್ರೇಜರ್ ಟೌನ್ ಕಡೆಯಿಂದ ಡಿ'ಸೋಜಾ ಅನ್ನುವ ಅಡ್ಡಹೆಸರಿನ ಗಿರಾಕಿ ಬಂದು ನೋಂದಣಿ ಮಾಡಲು ಹೋದರೂ ಇಂಥ ಕೋಡ್ ಒಡೆಯುತ್ತದೆ. ಹೆಸರಿನಲ್ಲೇ ಕೋಟ್ ಗುರುತು ಇದೆ ನೋಡಿ.

ಪರಿಹಾರ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಕ್ವೆರಿಯಲ್ಲಿ ಗಿರಾಕಿ ಬರೆದದ್ದರ ಜಾಗಕ್ಕೆ ಪ್ರಶ್ನೆ ಗುರುತು ಹಾಕಿ, ಬರೆದದ್ದನ್ನು ಬೇರೆಯಾಗಿ ಕಳಿಸುವುದು. ಆಗ ಗಿರಾಕಿ ಏನು ಬರೆದರೂ ಅದು ಬರೀ ಮಾಹಿತಿ, ಆಜ್ಞೆ ಆಗಲಾರದು. ಕೋಟ್ ಗುರುತುಗಳನ್ನು ಹುಡುಕಿ ಅಳಿಸುವ ಕೆಲಸ ಬೇಡ. ಅದು ಡಿ'ಸೋಜಾ ಅವರ ಹೆಸರನ್ನು ಕೆಡಿಸುತ್ತದೆ, ಕಳ್ಳನನ್ನು ತಡೆಯುವುದಿಲ್ಲ.

ಎರಡನೇ ತಪ್ಪು, ಪಾಸ್‌ವರ್ಡನ್ನು ಕ್ವೆರಿಗೆ ತಂದದ್ದೇ. ಸಾಲ್ಟ್ ಇರುವ ಹ್ಯಾಶ್‌ನಲ್ಲಿ ಅದು ಆಗುವುದೂ ಇಲ್ಲ. ಅದೇ ಪಾಸ್‌ವರ್ಡನ್ನು ಮತ್ತೆ ಹ್ಯಾಶ್ ಮಾಡಿದರೆ ಹೊಸ ಸಾಲ್ಟ್ ಬಂದು ಬೇರೆ ಉತ್ತರ ಬರುತ್ತದೆ. ಇಲ್ಲಿ ಬಹಳ ಜನ ತಲೆ ಕೆಡಿಸಿಕೊಂಡು ವಾಪಸ್ ಎಂಡಿ5ಗೆ ಹೋಗುತ್ತಾರೆ. ಹೋಗಬೇಡಿ. ಸರಿಯಾದ ಕ್ರಮ ಇದು.

ಮೊದಲು ಫೋನ್ ನಂಬರನ್ನು 10 ಅಂಕೆಗೆ ತನ್ನಿ. ಆಮೇಲೆ ಡೇಟಾಬೇಸಿಗೆ ಇಷ್ಟೇ ಕೇಳಿ:

ಸೆಲೆಕ್ಟ್ ಐಡಿ, ಪಾಸ್‌ವರ್ಡ್_ಹ್ಯಾಶ್, ಚಾಲ್ತಿ ಫ್ರಮ್ ಯೂಸರ್ಸ್ ವೇರ್ ಫೋನ್ = ?

ಒಂದು ಸಾಲು ಬರುತ್ತದೆ, ಅಥವಾ ಏನೂ ಬರುವುದಿಲ್ಲ. ಬಂದರೆ ಗಿರಾಕಿ ಈಗ ಬರೆದ ಪಾಸ್‌ವರ್ಡ್ ಮತ್ತು ಆ ಹ್ಯಾಶ್ ಎರಡನ್ನೂ ಪಾಸ್‌ವರ್ಡ್_ವೆರಿಫೈ ಫಂಕ್ಷನ್‌ಗೆ ಕೊಡಿ. ಅದು ಹಳೆಯ ಸಾಲ್ಟ್ ತೆಗೆದು, ಅದರಿಂದಲೇ ಬೀಸಿ, ಹೌದು ಅಥವಾ ಇಲ್ಲ ಅನ್ನುತ್ತದೆ. ನೀವೇ ಎರಡು ಸಮ ಚಿಹ್ನೆ ಹಾಕಿ ಹೋಲಿಸಬೇಡಿ. ಹೌದು ಅಂದಮೇಲೆ, ಖಾತೆ ಚಾಲ್ತಿಯಲ್ಲಿದೆಯೇ ನೋಡಿ. ಡೇಟಾಬೇಸಿನ ಕೆಲಸ ಸಾಲು ಹುಡುಕಿಕೊಡುವುದು. ಪಾಸ್‌ವರ್ಡ್ ಸರಿಯೋ ತಪ್ಪೋ ಅನ್ನುವುದು ನಮ್ಮ ಕೋಡ್‌ನ ಕೆಲಸ.

ಆ ನಂಬರೇ ಇಲ್ಲದಿದ್ದರೆ? ತಕ್ಷಣ "ಇಲ್ಲ" ಅಂದುಬಿಟ್ಟರೆ ಉತ್ತರ ಬಹಳ ಬೇಗ ಹೋಗುತ್ತದೆ. ನಂಬರ್ ಇದ್ದಾಗ ಹ್ಯಾಶ್ ಮಾಡಲು ಕಾಲು ಸೆಕೆಂಡ್ ಹಿಡಿಯುತ್ತದೆ. ಈ ವ್ಯತ್ಯಾಸ ಅಳೆದೇ ಯಾರು ಗಿರಾಕಿ, ಯಾರಲ್ಲ ಅಂತ ಕಂಡುಹಿಡಿಯಬಹುದು. ಅದಕ್ಕೇ ಒಂದು ಸುಳ್ಳು ಹ್ಯಾಶನ್ನು ಮೊದಲೇ ಮಾಡಿಟ್ಟುಕೊಳ್ಳಿ. ಕಾಸ್ಟ್ ಉಳಿದವುಗಳಷ್ಟೇ ಇರಲಿ. ನಂಬರ್ ಇಲ್ಲದಾಗ ಸುಮ್ನೆ ಅದರ ಜೊತೆ ವೆರಿಫೈ ಮಾಡಿ, ಆಮೇಲೆ ಇಲ್ಲ ಅನ್ನಿ.

ಅದೇ ಕಾರಣಕ್ಕೆ ತಪ್ಪಿನ ಸಂದೇಶವೂ ಒಂದೇ ಇರಲಿ: "ಫೋನ್ ನಂಬರ್ ಅಥವಾ ಪಾಸ್‌ವರ್ಡ್ ಸರಿಯಿಲ್ಲ." ಯಾವುದು ತಪ್ಪು ಅಂತ ಬಿಡಿಸಿ ಹೇಳಬೇಡಿ. ಯಾವ ಮನೆಗೆ ಯಾರು ಊಟ ತರಿಸುತ್ತಾರೆ ಅನ್ನುವುದೂ ಅವರವರ ಖಾಸಗಿ ವಿಷಯ.

ನಾಲ್ಕನೇ ಹಂತ: ಒಳಗೆ ಬಂದವರನ್ನು ನೆನಪಿಡುವುದು

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಗೆ ಹೋದಾಗ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಳ್ಳುತ್ತೇವೆ, ಅಲ್ವಾ? ಟೋಕನ್ ಮೇಲೆ ನಮ್ಮ ಹೆಸರಿಲ್ಲ, ಚಪ್ಪಲಿಯ ಬಣ್ಣವಿಲ್ಲ. ಬರೀ ಒಂದು ನಂಬರ್. ಆದರೆ ಅದನ್ನು ಯಾರು ತೋರಿಸಿದರೂ ಚಪ್ಪಲಿ ಅವರದ್ದು. ಸೆಷನ್ ಹಾಗೇ. ಪಾಸ್‌ವರ್ಡ್ ಸರಿ ಅಂದಮೇಲೆ ಸರ್ವರ್ ಒಂದು ಸೆಷನ್ ಐಡಿ ಕೊಡುತ್ತದೆ, ಬ್ರೌಸರ್ ಅದನ್ನು ಕುಕಿಯಲ್ಲಿ ಇಟ್ಟುಕೊಂಡು ಪ್ರತಿ ಪುಟಕ್ಕೂ ತೋರಿಸುತ್ತದೆ. ಪಾಸ್‌ವರ್ಡಿನಷ್ಟೇ ಜೋಪಾನ ಈ ಟೋಕನ್ನಿಗೂ ಬೇಕು.

ಲಾಗಿನ್ ಆದ ಕ್ಷಣ ಸೆಷನ್ ಐಡಿ ಬದಲಾಯಿಸಿ. ಪಿಎಚ್‌ಪಿಯಲ್ಲಿ ಸೆಷನ್_ರೀಜನರೇಟ್_ಐಡಿ. ಮೊದಲೇ ಯಾರೋ ತಮಗೆ ಗೊತ್ತಿರುವ ಐಡಿಯನ್ನು ಗಿರಾಕಿಯ ಬ್ರೌಸರಿಗೆ ಅಂಟಿಸಿದ್ದರೆ, ಅದು ಅಲ್ಲಿಗೆ ಕೆಲಸಕ್ಕೆ ಬಾರದಾಗುತ್ತದೆ. ಕುಕಿಗೆ ಮೂರು ಗುರುತು ಹಾಕಿ. ಎಚ್‌ಟಿಟಿಪಿ-ಓನ್ಲಿ ಇದ್ದರೆ ಪುಟದೊಳಗಿನ ಸ್ಕ್ರಿಪ್ಟ್ ಅದನ್ನು ಓದಲಾರದು. ಸೆಕ್ಯೂರ್ ಇದ್ದರೆ ಎಚ್‌ಟಿಟಿಪಿಎಸ್‌ನಲ್ಲಿ (ನಡುವೆ ಯಾರೂ ಓದದಂತೆ ಸಾಗಿಸುವ ಸಂಪರ್ಕ) ಮಾತ್ರ ಹೋಗುತ್ತದೆ. ಸೇಮ್‌ಸೈಟ್ ಅನ್ನು ಲ್ಯಾಕ್ಸ್ ಅಂತ ಇಡಿ, ಆಗ ಬೇರೆ ಸೈಟಿನ ಫಾರ್ಮ್‌ಗಳಿಂದ ಬರುವ ಕೋರಿಕೆಯ ಜೊತೆ ಕುಕಿ ಹೋಗುವುದಿಲ್ಲ. ಎಚ್‌ಟಿಟಿಪಿಎಸ್ ಇಲ್ಲದೆ ಲಾಗಿನ್ ಪುಟ ಇಡಲೇಬಾರದು. ಅದಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಉಚಿತವಾಗಿಯೇ ಸಿಗುತ್ತದೆ.

ಲಾಗ್‌ಔಟ್ ಒತ್ತಿದಾಗ ಕುಕಿ ಅಳಿಸಿದರೆ ಸಾಲದು, ಸರ್ವರ್‌ನಲ್ಲಿರುವ ಸೆಷನ್ನೂ ಹೋಗಬೇಕು.

ಮತ್ತೆ ಪ್ರತಿ ಪುಟದಲ್ಲೂ ಎರಡು ಪ್ರಶ್ನೆ ಕೇಳಿ. ಇವರು ಲಾಗಿನ್ ಆಗಿದ್ದಾರಾ? ಕೇಳುತ್ತಿರುವ ಆರ್ಡರ್ ಇವರದ್ದೇನಾ? ಬ್ರೌಸರಿನಲ್ಲಿ ಕಾಣುವ ಪುಟದ ವಿಳಾಸದಲ್ಲಿ ಆರ್ಡರ್ ಸಂಖ್ಯೆ 41 ಇದ್ದದ್ದನ್ನು 42 ಮಾಡಿದರೆ ಪಕ್ಕದವರ ವಿಳಾಸ, ಫೋನ್ ಕಾಣುವ ಹಾಗಿದ್ದರೆ ಮೇಲಿನ ಶ್ರಮವೆಲ್ಲ ದಂಡ.

ಐದನೇ ಹಂತ: ಎಷ್ಟು ಸಲ ಪ್ರಯತ್ನಿಸಬಹುದು

ಮಿತಿ ಇಲ್ಲದಿದ್ದರೆ ಯಂತ್ರ ಕೂತು ಸಾವಿರಾರು ಪಾಸ್‌ವರ್ಡ್ ಪ್ರಯತ್ನಿಸುತ್ತದೆ. ಎಲ್ಲರೂ ಮೊದಲು ಮಾಡುವುದು ಐಪಿ ವಿಳಾಸವನ್ನು (ಇಂಟರ್‌ನೆಟ್‌ನಲ್ಲಿ ಒಂದು ಸಂಪರ್ಕದ ಗುರುತಿನ ಸಂಖ್ಯೆ) ತಡೆಯುವುದು. ಬೆಂಗಳೂರಿನಲ್ಲಿ ಅದೊಂದನ್ನೇ ನಂಬಿದರೆ ಗಿರಾಕಿಗಳಿಗೇ ತೊಂದರೆ. ಮಾರತಹಳ್ಳಿಯ ಒಂದು ಪಿಜಿಯಲ್ಲಿ ಎಲ್ಲರೂ ಒಂದೇ ವೈಫೈ, ಹೊರಗೆ ಕಾಣುವುದು ಒಂದೇ ಐಪಿ. ಮೊಬೈಲ್ ನೆಟ್‌ವರ್ಕ್‌ಗಳಲ್ಲೂ ಬಹಳ ಜನ ಒಂದೇ ಐಪಿ ಹಂಚಿಕೊಂಡಿರುತ್ತಾರೆ. ಒಬ್ಬರು ಐದು ಸಲ ತಪ್ಪಿದರೆ ಇಡೀ ಪಿಜಿಗೆ ಊಟ ಬರದ ಹಾಗಾಗಬಾರದು.

ಖಾತೆಯನ್ನೇ ಪೂರ್ತಿ ಬೀಗ ಹಾಕುವುದೂ ಸರಿಯಲ್ಲ. ಆಗ ಬೇಡದವನು ಬೇಕೆಂದೇ ತಪ್ಪು ಪಾಸ್‌ವರ್ಡ್ ಹೊಡೆದು ಯಾರ ಖಾತೆಯನ್ನಾದರೂ ಮುಚ್ಚಬಹುದು. ನಾವು ಮಾಡಿದ್ದು ಇಷ್ಟು. ಒಂದೇ ನಂಬರಿಗೆ ಐದು ಸಲ ತಪ್ಪಾದರೆ ಒಂದು ನಿಮಿಷ ಕಾಯಬೇಕು, ಮತ್ತೆ ತಪ್ಪಾದರೆ ಎರಡು, ಹಾಗೇ ಹದಿನೈದು ನಿಮಿಷದವರೆಗೆ. ಐಪಿಗೂ ಒಂದು ಮಿತಿ ಇದೆ, ಆದರೆ ಬಹಳ ಸಡಿಲ.

ಓಟಿಪಿ ಇಡುವವರಿಗೂ ಇದೇ ಮಾತು. 4 ಅಂಕೆಯ ಓಟಿಪಿಯಲ್ಲಿ ಇರುವುದು 10,000 ಸಾಧ್ಯತೆ ಮಾತ್ರ. ಎಣಿಕೆಗೆ ಮಿತಿ ಇಲ್ಲದಿದ್ದರೆ ಅದು ಬೀಗವೇ ಅಲ್ಲ. 6 ಅಂಕೆ ಇಡಿ, ಐದು ನಿಮಿಷಕ್ಕೆ ಸಾಯಲಿ, ಐದು ತಪ್ಪಿಗೆ ರದ್ದಾಗಲಿ.

ಆರನೇ ಹಂತ: ಮರೆತವರಿಗೆ

ಪಾಸ್‌ವರ್ಡ್ ಮರೆತೆ ಅಂದಾಗ ಹಳೆಯದನ್ನೇ ಕಳಿಸಿಕೊಡುವ ಸೈಟ್ ಕಂಡರೆ ಅಲ್ಲಿಂದ ಹೊರಡಿ. ಅವರ ಬಳಿ ಅದು ಓದಲು ಬರುವಂತೆ ಇದೆ ಅಂತಲೇ ಅರ್ಥ.

ಸರಿಯಾದ ದಾರಿ ಎಂದರೆ 32 ಬೈಟ್‌ನ ರ‍್ಯಾಂಡಮ್ ಟೋಕನ್ ಇರುವ ಲಿಂಕ್. ಸುರಕ್ಷಿತ ರ‍್ಯಾಂಡಮ್ ಫಂಕ್ಷನ್ನೇ ಬಳಸಿ, ಸಮಯದಿಂದ ಹುಟ್ಟಿಸಬೇಡಿ. ಟೇಬಲ್ಲಿನಲ್ಲಿ ಟೋಕನ್ನಿನ ಶಾ-256 ಹ್ಯಾಶ್ ಮಾತ್ರ ಇಡಿ. ಇಲ್ಲಿ ಬೇಗದ ಹ್ಯಾಶ್ ನಡೆಯುತ್ತದೆ, ಯಾಕೆಂದರೆ ಅಷ್ಟು ಉದ್ದದ ರ‍್ಯಾಂಡಮ್ ಅನ್ನು ಊಹಿಸಿ ಹಿಡಿಯಲು ಆಗುವುದಿಲ್ಲ. ಅರ್ಧ ಗಂಟೆಗೆ ಮುಗಿಯಬೇಕು, ಒಂದು ಸಲಕ್ಕೆ ಮಾತ್ರ. ಹೊಸ ಪಾಸ್‌ವರ್ಡ್ ಇಟ್ಟಮೇಲೆ ಆ ಗಿರಾಕಿಯ ಹಳೆಯ ಸೆಷನ್‌ಗಳನ್ನೆಲ್ಲ ಮುಚ್ಚಿ. ಲಿಂಕ್ ಕೇಳುವ ಪುಟವೂ "ಈ ನಂಬರ್ ನಮ್ಮಲ್ಲಿ ಇಲ್ಲ" ಅನ್ನಬಾರದು. "ನಂಬರ್ ಇದ್ದರೆ ಲಿಂಕ್ ಬರುತ್ತದೆ" ಅಂದರೆ ಸಾಕು.

ಈಗಾಗಲೇ ಓದಲು ಬರುವ ಹಾಗೆ ಇಟ್ಟಿದ್ದರೆ

ಇದೇ ಹುಡುಗಿಯ ಪರಿಸ್ಥಿತಿ. ಗಿರಾಕಿಗಳು ಒಬ್ಬೊಬ್ಬರಾಗಿ ಲಾಗಿನ್ ಆಗುವವರೆಗೆ ಕಾಯಬೇಕಿಲ್ಲ. ಪಾಸ್‌ವರ್ಡ್ ಹೇಗೂ ಎದುರಿಗೇ ಇದೆ. ಹೊಸ ಕಾಲಂ ಸೇರಿಸಿ, ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಎಲ್ಲವನ್ನೂ ಹ್ಯಾಶ್ ಮಾಡಿ, ಲಾಗಿನ್ ಕೋಡ್ ಬದಲಾಯಿಸಿ, ಪರೀಕ್ಷಿಸಿ, ಹಳೆಯ ಕಾಲಂ ತೆಗೆದುಹಾಕಿ. 140 ಸಾಲಿಗೆ ಅರ್ಧ ನಿಮಿಷ ಹಿಡಿಯಿತು.

ಎಂಡಿ5 ಇದ್ದವರು ಆ ಎಂಡಿ5ನ ಅಕ್ಷರಗಳನ್ನೇ ಬಿಕ್ರಿಪ್ಟ್ ಮಾಡಿ ಇಡಬಹುದು, ಒಂದು ಗುರುತಿನ ಕಾಲಂ ಜೊತೆ. ಗಿರಾಕಿ ಲಾಗಿನ್ ಆದಾಗ ನಿಜವಾದ ಪಾಸ್‌ವರ್ಡ್ ಕೈಗೆ ಬರುತ್ತದಲ್ಲ, ಆಗ ನೇರವಾಗಿ ಹ್ಯಾಶ್ ಮಾಡಿ ಹಳೆಯದನ್ನು ಬದಲಾಯಿಸಿ.

ಮರೆಯುವ ಜಾಗಗಳು ಬೇರೆ ಇವೆ. ಹಳೆಯ ಬ್ಯಾಕಪ್ ಫೈಲುಗಳು. ವಾಟ್ಸ್‌ಆ್ಯಪ್‌ನಲ್ಲಿ ಸ್ನೇಹಿತರಿಗೆ ಕಳಿಸಿದ ಡಂಪ್, ಅಂದರೆ ಡೇಟಾಬೇಸಿನ ಪೂರ್ತಿ ಪ್ರತಿ. ಪರೀಕ್ಷೆಗೆ ಅಂತ ಬರೆದು ಮರೆತ ಲಾಗ್ ಸಾಲು, ಅದರಲ್ಲಿ ಫಾರ್ಮ್‌ನಿಂದ ಬಂದದ್ದೆಲ್ಲ ಹಾಗೇ ಬಿದ್ದಿರುತ್ತದೆ. ಹುಡುಗಿಯ ಸರ್ವರ್‌ನ ಲಾಗ್‌ನಲ್ಲಿ ಮೂರು ತಿಂಗಳ ಪಾಸ್‌ವರ್ಡ್‌ಗಳು ಇದ್ದವು. ಎಲ್ಲವನ್ನೂ ಹುಡುಕಿ ಅಳಿಸಿದೆವು. ಮೂವರು ಅದನ್ನು ನೋಡಿದ್ದೆವು ಅನ್ನುವುದು ನಿಜ ತಾನೇ? ಹಾಗಾಗಿ ಗಿರಾಕಿಗಳಿಗೆ ಸಂದೇಶ ಕಳಿಸಿ, ಇದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ದಯವಿಟ್ಟು ಬದಲಾಯಿಸಿ ಅಂತ ಕೇಳಿಕೊಂಡೆವು. ಚಿಕ್ಕಮ್ಮನಿಗೆ ಮೊದಲು ಹಿಂಜರಿಕೆ ಇತ್ತು. ಆಮೇಲೆ ಅವರೇ ಸಂದೇಶ ಬರೆದರು.

ಕಾನೂನೂ ಇದನ್ನು ಕೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಡೇಟಾ ಕಳುವಾದದ್ದು ಗೊತ್ತಾದರೆ 6 ಗಂಟೆಯೊಳಗೆ ತನಗೆ ತಿಳಿಸಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಮಾಡಿದೆ.

ಸೈಟ್ ಮತ್ತೆ ತೆರೆಯುವ ಮುಂಚೆ ನಾವಿಬ್ಬರೂ ಕೂತು ಕೆಡಿಸಲು ನೋಡಿದೆವು. ಫೋನ್ ಜಾಗದಲ್ಲಿ ಕೋಟ್ ಗುರುತು. ಡಿ'ಸೋಜಾ ಹೆಸರಿನ ನೋಂದಣಿ. ಖಾಲಿ ಪಾಸ್‌ವರ್ಡ್. ಮುಂದೆ ಸೊನ್ನೆ ಇರುವ ನಂಬರ್. ಇಬ್ಬರಿಗೆ ಒಂದೇ ಪಾಸ್‌ವರ್ಡ್ ಇಟ್ಟು ಹ್ಯಾಶ್ ಬೇರೆ ಬಂತೇ ಅಂತ ಟೇಬಲ್ ನೋಡಿದ್ದು. ಲಾಗ್‌ಔಟ್ ಆದಮೇಲೆ ಹಳೆಯ ಕುಕಿಯನ್ನೇ ಮತ್ತೆ ತೋರಿಸಿದ್ದು. ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಇಟ್ಟ ಪಾಸ್‌ವರ್ಡನ್ನು ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು. ಒಂದು ಮಧ್ಯಾಹ್ನ ಹಿಡಿಯಿತು.

ಮಂಗಳವಾರ ಬೆಳಿಗ್ಗೆ ಒಬ್ಬರು ಚಿಕ್ಕಮ್ಮನಿಗೆ ಫೋನ್ ಮಾಡಿ, ಎಂದಿನಂತೆ, "ನನ್ನ ಪಾಸ್‌ವರ್ಡ್ ಏನಿತ್ತು ಸ್ವಲ್ಪ ನೋಡಿ ಹೇಳ್ತೀರಾ ಅಮ್ಮ?" ಅಂದರಂತೆ. ಅವರು ಒಲೆಯ ಉರಿ ಸಣ್ಣ ಮಾಡಿ ಲ್ಯಾಪ್‌ಟಾಪ್ ತೆರೆದು, ಆ ಉದ್ದದ ಸಾಲನ್ನು ನೋಡಿ, "ಅದು ಇನ್ಮೇಲೆ ನನಗೂ ಕಾಣ್ಸಲ್ಲ ಸಾರ್. ಲಿಂಕ್ ಕಳಿಸ್ತೀನಿ, ನೀವೇ ಹೊಸದು ಇಟ್ಕೊಳ್ಳಿ" ಅಂದರು.